ತಿಂಗಳು ತುಂಬದೆ ಹುಟ್ಟಿದ ಕೂಸಿನ ಕರುಳು, ತಾಯಿಯ ಹಾಲು ಮತ್ತು ಪ್ರೋಬಯಾಟಿಕ್ ಪುಡಿ

ಕಲಬುರಗಿಯ ಆಸ್ಪತ್ರೆಗಳ ಎದುರಿಗಿರುವ ಔಷಧಿ ಅಂಗಡಿಗಳಲ್ಲಿ ಈಗ ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಕೊಡುವ ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ, ಎಂಬ ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ತಿಂಗಳು ತುಂಬದ ಕೂಸನ್ನು ಎನ್‌ಐಸಿಯುದಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇರಿಸಿ ಹೊರಗೆ ಕಾಯುವ ಮನೆಯವರು ಒಬ್ಬರಿಂದ ಒಬ್ಬರು ಕೇಳಿ ತಿಳಿದು, "ಪೆಟ್ಟಿಗ್ಯಾಗಿನ ಕೂಸಿಗಿ ಕೊಡೋ ಪುಡಿ ಅದಂತ, ಹೊಟ್ಟಿಗಿ ಛಲೋ ಆಗ್ತದಂತ, ಖರೇನ್ರಿ ಅಕ್ಕೋರೆ?" ಎಂದು ನನ್ನನ್ನೂ ವಿಚಾರಿಸುತ್ತಾರೆ. ನಾನು ಇದೇ ಊರಿನ ಪದವಿ ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುವವಳು, ವೈದ್ಯೆಯಲ್ಲ. ನನ್ನ ತಂಗಿಯ ಮಗ ಮೂವತ್ತನೆಯ ವಾರದಲ್ಲಿ ಹುಟ್ಟಿ ಹಲವು ವಾರ ಆಸ್ಪತ್ರೆಯಲ್ಲಿದ್ದಾಗ ಈ ವಿಷಯವನ್ನು ಓದಲು ತೊಡಗಿದೆ. ಅಂದಿನಿಂದ ಕೇಳಿದವರಿಗೆಲ್ಲ ತುಂಡುತುಂಡಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಆ ಪುಡಿಯ ಹಿಂದೆ ನಿಜವಾದ ವಿಜ್ಞಾನವಿದೆ, ಆದರೆ ಅದು ಕೆಲಸ ಮಾಡಬೇಕಾದರೆ ಕರುಳಿನಲ್ಲಿ ತಾಯಿಯ ಹಾಲು ಇರಬೇಕು. ನಮ್ಮ ಭಾಗದಲ್ಲಿ ಮನೆಯವರು ಪುಡಿಯ ಹೆಸರು ಕೇಳುವ ಹೊತ್ತಿಗೆ ಎಷ್ಟೋ ತಾಯಂದಿರ ಹಾಲು ಬತ್ತುವ ಹಂತಕ್ಕೆ ಬಂದಿರುತ್ತದೆ. ನನ್ನ ಕಳವಳವೆಲ್ಲ ಇರುವುದು ಅಲ್ಲಿಯೇ.

ತಾಯಿಯ ಹೊಟ್ಟೆಯಲ್ಲಿ ಇರುವಷ್ಟು ಕಾಲ ಕೂಸಿನ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಸಿರುವುದಿಲ್ಲ ಎಂಬ ಅಭಿಪ್ರಾಯವೇ ಇಂದು ಬಲವಾಗಿದೆ. ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ, ಅದರದೇ ಆದ ಬ್ಯಾಕ್ಟೀರಿಯಾ ಸಮುದಾಯವಿದೆ ಎಂದು 2014ರಲ್ಲಿ ಒಂದು ಅಧ್ಯಯನ ಹೇಳಿತ್ತು. 2019ರಲ್ಲಿ ಇಂಗ್ಲೆಂಡಿನ ಸಂಶೋಧಕರು ಐನೂರಕ್ಕೂ ಹೆಚ್ಚು ಮಾಸುಗಳನ್ನು ಪರೀಕ್ಷಿಸಿ, ಹಾಗೆ ಕಂಡದ್ದರಲ್ಲಿ ಬಹುಪಾಲು ಹೆರಿಗೆಯ ಹೊತ್ತಿನಲ್ಲಿ ಇಲ್ಲವೇ ಪ್ರಯೋಗಾಲಯದ ಸಾಮಗ್ರಿಗಳಿಂದ ಸೇರಿಕೊಂಡದ್ದು ಎಂದು ತೋರಿಸಿದರು. ಹೀಗಾಗಿ ಕರುಳಿನ ಬ್ಯಾಕ್ಟೀರಿಯಾಗಳ ಕಥೆ ಹುಟ್ಟಿನ ಗಳಿಗೆಯಿಂದ ಶುರುವಾಗುತ್ತದೆ ಎಂದುಕೊಳ್ಳಬಹುದು. ನವಜಾತ ಶಿಶುಗಳ ಮಲವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ಮಕ್ಕಳ ವೈದ್ಯ ಥಿಯೊಡೋರ್ ಎಷರಿಶ್ 1885ರಲ್ಲಿಯೇ ಇದನ್ನು ಗಮನಿಸಿದ್ದರು. ನಾವು ಇಂದು "ಈ ಕೋಲೈ" (ಎಷರಿಶಿಯ ಕೋಲೈ) ಎಂದು ಕರೆಯುವ ಬ್ಯಾಕ್ಟೀರಿಯಾಕ್ಕೆ ಅವರದೇ ಹೆಸರು ಉಳಿದಿದೆ. ಮುಂದೆ 1899ರ ಹೊತ್ತಿಗೆ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸ್ಸಿಯೆ ಎಂಬ ಮಕ್ಕಳ ವೈದ್ಯರು ತಾಯಿಯ ಹಾಲು ಕುಡಿಯುವ ಕೂಸುಗಳ ಮಲದಲ್ಲಿ ಕವಲೊಡೆದ ಆಕಾರದ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಅದೇ ಬೈಫಿಡೋಬ್ಯಾಕ್ಟೀರಿಯಂ. ಅಂಥ ಕೂಸುಗಳ ಕರುಳಿನಲ್ಲಿ ಇದು ತುಂಬಿ ತುಳುಕುತ್ತದೆ, ಬೇರೆ ಹಾಲು ಕುಡಿದವುಗಳಲ್ಲಿ ಅಷ್ಟಾಗಿ ಇರುವುದಿಲ್ಲ ಎಂದು ಅವರು ಕಂಡುಕೊಂಡದ್ದು ಇಂದಿಗೂ ಈ ವಿಷಯದ ತಳಹದಿಯಾಗಿದೆ.

ಈ ವ್ಯತ್ಯಾಸಕ್ಕೆ ಕಾರಣ ತಿಳಿಯಲು ಮಾತ್ರ ಹಲವು ದಶಕಗಳೇ ಬೇಕಾದವು. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚಾಗಿರುವ ಘನಪದಾರ್ಥವೆಂದರೆ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಯ ಸರಪಳಿಗಳು. ಇವು ಕೆಲವು ವಾರ ಕಳೆದು ಹಣ್ಣಾದ ಹಾಲಿನಲ್ಲಿ ಲೀಟರಿಗೆ ಸುಮಾರು 5ರಿಂದ 15 ಗ್ರಾಂ ಇದ್ದರೆ, ಹೆರಿಗೆಯಾದ ಮೊದಲ ದಿನಗಳ ಗಿಣ್ಣುಹಾಲಿನಲ್ಲಿ 20 ಗ್ರಾಂ ದಾಟುತ್ತವೆ. ಸೋಜಿಗದ ಸಂಗತಿ ಏನೆಂದರೆ, ಇವುಗಳನ್ನು ಜೀರ್ಣಿಸಿಕೊಳ್ಳುವ ಕಿಣ್ವಗಳು ಕೂಸಿನ ದೇಹದಲ್ಲಿ ಇಲ್ಲವೇ ಇಲ್ಲ. ಹಸಿದ ಬಾಣಂತಿಯ ದೇಹ ತನ್ನ ಶಕ್ತಿಯನ್ನು ಖರ್ಚು ಮಾಡಿ, ಕೂಸಿಗೆ ಅರಗದ ಪದಾರ್ಥವನ್ನು ಇಷ್ಟೊಂದು ಪ್ರಮಾಣದಲ್ಲಿ ಏಕೆ ತಯಾರಿಸಬೇಕು ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗಲೆಲ್ಲ ವಿದ್ಯಾರ್ಥಿನಿಯರು ಒಂದು ಕ್ಷಣ ಸುಮ್ಮನಾಗುತ್ತಾರೆ. ಅದು ಬ್ಯಾಕ್ಟೀರಿಯಾಗಳ ಊಟ. ಅದರಲ್ಲಿಯೂ ಬೈಫಿಡೋಬ್ಯಾಕ್ಟೀರಿಯಂ ಇನ್‌ಫ್ಯಾಂಟಿಸ್ ಎಂಬ ಬಗೆಗೆ ಈ ಸರಪಳಿಗಳನ್ನು ಹಿಡಿದು ಒಳಗೆಳೆದುಕೊಂಡು ಕತ್ತರಿಸುವ ವಂಶವಾಹಿಗಳ ಒಂದು ಪೂರ್ತಿ ಗುಂಪೇ ಇದೆ ಎಂಬುದು 2008ರಲ್ಲಿ ಅದರ ಜೀನೋಮ್ ಓದಿದಾಗ ತಿಳಿಯಿತು. ಅದು ಈ ಸಕ್ಕರೆಯನ್ನು ತಿಂದು ಅಸಿಟೇಟ್ ಮತ್ತು ಲ್ಯಾಕ್ಟೇಟ್ ಆಮ್ಲಗಳನ್ನು ಬಿಡುತ್ತದೆ. ಅದರಿಂದ ಕರುಳಿನ ಒಳಗು ಹುಳಿಯಾಗುತ್ತದೆ, ಕ್ಲೆಬ್ಸಿಯೆಲ್ಲಾ, ಈ ಕೋಲೈಗಳಂಥ ರೋಗ ತರಬಲ್ಲ ಬ್ಯಾಕ್ಟೀರಿಯಾಗಳು ಆ ಹುಳಿಯಲ್ಲಿ ಸುಲಭವಾಗಿ ಹಬ್ಬುವುದಿಲ್ಲ, ಕರುಳಿನ ಗೋಡೆಯ ಕೋಶಗಳ ನಡುವಿನ ಬಿಗಿಯೂ ಹೆಚ್ಚುತ್ತದೆ. ಇದಲ್ಲದೆ ಕೆಲವು ಆಲಿಗೋಸ್ಯಾಕರೈಡ್‌ಗಳು ಕರುಳಿನ ಗೋಡೆಗೆ ಅಂಟಿಕೊಳ್ಳಲು ಬಂದ ರೋಗಾಣುಗಳನ್ನು ತಮಗೇ ಅಂಟಿಸಿಕೊಂಡು ಮಲದ ಮೂಲಕ ಹೊರಗೆ ಸಾಗಿಸುತ್ತವೆ.

ಇದೆಲ್ಲ ತಿಂಗಳು ತುಂಬಿ ಹುಟ್ಟಿ, ಹುಟ್ಟಿದ ಕೂಡಲೇ ಎದೆಗೆ ಬಾಯಿ ಹಚ್ಚಿದ ಕೂಸಿನ ಮಾತಾಯಿತು.

37 ವಾರ ತುಂಬುವ ಮುಂಚೆ ಹುಟ್ಟಿದ್ದನ್ನು ಅವಧಿಪೂರ್ವ ಹೆರಿಗೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಕೂಸುಗಳು ಹೀಗೆ ಹುಟ್ಟಿದವು, ಜಗತ್ತಿನ ಯಾವ ದೇಶದಲ್ಲಿಯೂ ಇಷ್ಟು ದೊಡ್ಡ ಸಂಖ್ಯೆ ಇಲ್ಲ. ಇವುಗಳಲ್ಲಿ 32 ವಾರಕ್ಕಿಂತ ಮುಂಚೆ, ಅಥವಾ ಒಂದೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವುಗಳ ವಿಚಾರ ಇಲ್ಲಿ ಮುಖ್ಯ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಕರುಳಿನ ಉದ್ದ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡುವ ಶಕ್ತಿ 32ರಿಂದ 34 ವಾರದ ಹೊತ್ತಿಗೆ ಬರುತ್ತದೆ, ಕರುಳು ಅಲೆಅಲೆಯಾಗಿ ಮಿಡಿದು ಆಹಾರವನ್ನು ಮುಂದೆ ತಳ್ಳುವ ಕ್ರಮವೂ ಸುಮಾರಾಗಿ ಆಗಲೇ ಹದಕ್ಕೆ ಬರುವುದು. ಅದಕ್ಕಿಂತ ಮುಂಚೆ ಹುಟ್ಟಿದ ಕೂಸಿನ ಹೊಟ್ಟೆಗೆ ನಳಿಕೆಯಿಂದ ಹಾಲು ಹೋಗಬೇಕು, ಹೊಟ್ಟೆಯ ಆಮ್ಲವೂ ಸಾಕಷ್ಟಿರುವುದಿಲ್ಲ, ಒಳಗೆ ಹೋದದ್ದು ಮುಂದೆ ಸಾಗದೆ ನಿಲ್ಲುತ್ತದೆ. ನಮ್ಮ ಕಡೆ ಏಳು ತಿಂಗಳ ಕೂಸು ಬದುಕುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಮಾತೊಂದು ಇನ್ನೂ ಓಡಾಡುತ್ತಿದೆ. ಅದಕ್ಕೆ ಆಧಾರವಿಲ್ಲ. ಗರ್ಭದಲ್ಲಿ ಹೆಚ್ಚಾಗಿ ಕಳೆದ ಒಂದೊಂದು ವಾರವೂ ಕರುಳಿಗೆ ಲಾಭವೇ.

ಇಂಥ ಕೂಸಿಗೆ ಮೊದಲು ಮುಟ್ಟುವ ಬ್ಯಾಕ್ಟೀರಿಯಾಗಳು ಬಹುಪಾಲು ತಾಯಿಯ ಮೈಯಿಂದ ಬಂದವಾಗಿರುವುದಿಲ್ಲ. ಹೆರಿಗೆ ಅನೇಕ ವೇಳೆ ಸಿಸೇರಿಯನ್ ಆಗಿರುತ್ತದೆ. ಕೂಸು ಹುಟ್ಟಿದ ಕೂಡಲೇ ಮೈ ಬೆಚ್ಚಗಿಡುವ ವಾರ್ಮರಿಗೋ ಗಾಜಿನ ಪೆಟ್ಟಿಗೆಗೋ ಹೋಗುತ್ತದೆ. ಮೂಗಿಗೆ ಆಮ್ಲಜನಕದ ನಳಿಕೆ, ಹೊಟ್ಟೆಗೆ ಹಾಲಿನ ನಳಿಕೆ, ನರಕ್ಕೆ ಸೂಜಿ, ಅದರ ಮೂಲಕ ಮೊದಲ ದಿನದಿಂದಲೇ ಆಂಟಿಬಯೋಟಿಕ್. ಹೀಗಿರುವ ಕೂಸುಗಳ ಮಲವನ್ನು ದಿನಬಿಟ್ಟು ದಿನ ಪರೀಕ್ಷಿಸಿದ ಅಧ್ಯಯನಗಳಲ್ಲಿ ಒಂದು ಕ್ರಮ ಕಂಡುಬಂದಿದೆ. ಮೊದಲಿಗೆ ಸ್ಟೆಫೈಲೋಕಾಕಸ್, ಎಂಟರೋಕಾಕಸ್‌ಗಳಂಥವು ಕಾಣಿಸಿಕೊಳ್ಳುತ್ತವೆ, ಆಮೇಲೆ ಕ್ಲೆಬ್ಸಿಯೆಲ್ಲಾ, ಈ ಕೋಲೈಗಳ ಗುಂಪು ಮೇಲುಗೈ ಪಡೆಯುತ್ತದೆ, ವಾರಗಳು ಕಳೆದಂತೆ ಆಮ್ಲಜನಕವಿಲ್ಲದೆ ಬದುಕುವ ಕ್ಲಾಸ್ಟ್ರಿಡಿಯಂ ಬಗೆಗಳು ಬರುತ್ತವೆ. ಬೈಫಿಡೋಬ್ಯಾಕ್ಟೀರಿಯಂ ಬರುವುದು ತಡವಾಗಿ, ಕೆಲವು ಕೂಸುಗಳಲ್ಲಿ ಆಸ್ಪತ್ರೆ ಬಿಡುವವರೆಗೂ ಬರುವುದಿಲ್ಲ. ಈ ಬದಲಾವಣೆಯ ವೇಗ ಹುಟ್ಟಿ ಎಷ್ಟು ದಿನವಾಯಿತು ಎಂಬುದಕ್ಕಿಂತ ಹೆಚ್ಚಾಗಿ, ಗರ್ಭ ಕಟ್ಟಿದಂದಿನಿಂದ ಲೆಕ್ಕ ಹಿಡಿದರೆ ಕೂಸಿಗೆ ಎಷ್ಟು ವಾರ ಆಗಿದೆ ಎಂಬುದನ್ನು ಅನುಸರಿಸುತ್ತದೆ ಎಂದು 2014ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಕರುಳು ಹಣ್ಣಾಗುವ ಗತಿಯಲ್ಲಿಯೇ ಅದರೊಳಗಿನ ಜೀವಿಗಳೂ ಬದಲಾಗುತ್ತವೆ. ಆಂಟಿಬಯೋಟಿಕ್, ಹಾಲಿನ ಬಗೆ, ಹೆರಿಗೆಯ ರೀತಿ ಇವೆಲ್ಲ ಆ ಗತಿಯನ್ನು ಹಿಂದೆಮುಂದೆ ಮಾಡಬಲ್ಲವು ಅಷ್ಟೆ.

ನಮ್ಮ ದೇಶದ ನವಜಾತ ಘಟಕಗಳಲ್ಲಿ ಈ ಚಿತ್ರಕ್ಕೆ ಇನ್ನೊಂದು ಭಾರ ಸೇರುತ್ತದೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಸುಗಳ ರಕ್ತದ ನಂಜಿಗೆ ಕಾರಣವಾದವುಗಳಲ್ಲಿ ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಮತ್ತು ಈ ಕೋಲೈ ಮುಂದಿದ್ದವು, ಅವುಗಳಲ್ಲಿ ದೊಡ್ಡ ಪಾಲು ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದವು. ಅಂದರೆ ಕರುಳಿನಲ್ಲಿ ಮೊದಲು ಜಾಗ ಹಿಡಿಯಲು ಕಾದಿರುವ ಬ್ಯಾಕ್ಟೀರಿಯಾಗಳೇ ನಮ್ಮಲ್ಲಿ ಔಷಧಿಗೆ ಬಗ್ಗದವೂ ಆಗಿರುತ್ತವೆ.

ಇದರಿಂದ ಆಗಬಹುದಾದ ಅತಿ ದೊಡ್ಡ ಕೇಡಿನ ಹೆಸರು ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್, ವೈದ್ಯರು ಎನ್‌ಇಸಿ ಎನ್ನುತ್ತಾರೆ. ಕರುಳಿನ ಗೋಡೆಗೆ ಉರಿಯೂತ ಹತ್ತಿ, ರಕ್ತಸಂಚಾರ ಕುಂದಿ, ಆ ಭಾಗ ಸಾಯುತ್ತ ಹೋಗುವ ಕಾಯಿಲೆ ಇದು. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟಕ್ಕೆ ಬರುತ್ತದೆ, ಬಂದವುಗಳಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು ಬದುಕುವುದಿಲ್ಲ. ಕೂಸು ಚೇತರಿಸಿಕೊಂಡು ಹಾಲು ಅರಗಿಸಿಕೊಳ್ಳಲು ತೊಡಗಿದೆ ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೇ, ಅಂದರೆ ಹುಟ್ಟಿ ಎರಡು ಮೂರು ವಾರಗಳಾದಾಗಲೂ ಇದು ಬರಬಹುದು. ಹೊಟ್ಟೆ ಉಬ್ಬಿ ಬಿಗಿಯಾಗುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ಕೂಸು ಒಮ್ಮೆಲೇ ಮಂಕಾಗಿ ಉಸಿರು ನಿಲ್ಲಿಸಿ ನಿಲ್ಲಿಸಿ ಎಳೆಯುವುದು ಇದರ ಲಕ್ಷಣಗಳು. ಎಕ್ಸ್‌ರೇಯಲ್ಲಿ ಕರುಳಿನ ಗೋಡೆಯೊಳಗೇ ಗಾಳಿಯ ಗುಳ್ಳೆಗಳು ಕಾಣುತ್ತವೆ. ಹಾಲು ನಿಲ್ಲಿಸಿ ಆಂಟಿಬಯೋಟಿಕ್ ಕೊಟ್ಟು ಕಾಯುತ್ತಾರೆ, ಕರುಳು ತೂತಾದರೆ ಶಸ್ತ್ರಚಿಕಿತ್ಸೆಯೇ ಗತಿ. ಕಾರಣಗಳಲ್ಲಿ ಒಂದು ಚೆನ್ನಾಗಿ ತಿಳಿದಿದೆ. ಎಳೆಯ ಕರುಳಿನ ಗೋಡೆಯ ಮೇಲೆ ಟಿಎಲ್‌ಆರ್4 ಎಂಬ ಗ್ರಾಹಕ ಅಣುಗಳು ಹೆಚ್ಚಾಗಿರುತ್ತವೆ. ಕ್ಲೆಬ್ಸಿಯೆಲ್ಲಾ, ಈ ಕೋಲೈಗಳ ಹೊರಕವಚದ ಒಂದು ಪದಾರ್ಥವನ್ನು ಕಂಡ ಕೂಡಲೇ ಇವು ಕೆರಳಿ, ತಿಂಗಳು ತುಂಬಿದ ಕೂಸಿನಲ್ಲಿ ಆಗದಷ್ಟು ಉರಿಯೂತವನ್ನು ಎಬ್ಬಿಸುತ್ತವೆ. ಕಾಯಿಲೆ ಬರುವ ಮುಂಚಿನ ದಿನಗಳಲ್ಲಿ ಮಲದಲ್ಲಿ ಇದೇ ಗುಂಪಿನ ಬ್ಯಾಕ್ಟೀರಿಯಾಗಳು ಹೆಚ್ಚಿದ್ದದ್ದನ್ನು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ಕಂಡಿವೆ.

ಹಾಗಿದ್ದರೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ನಾವೇ ಮೊದಲು ಕೊಟ್ಟು ಜಾಗ ಹಿಡಿಸಬಾರದೇಕೆ ಎಂಬ ಆಲೋಚನೆ ಸಹಜವಾಗಿಯೇ ಬಂತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 1,099 ಕೂಸುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರೋಪ್ರೆಮ್ಸ್ ಪ್ರಯೋಗದಲ್ಲಿ ಎರಡು ಬೈಫಿಡೋಬ್ಯಾಕ್ಟೀರಿಯಂ ಮತ್ತು ಒಂದು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ತಳಿಯನ್ನು ಕೂಡಿಸಿ ಕೊಟ್ಟಾಗ ಎನ್‌ಇಸಿ ಪ್ರಮಾಣ ನೂರಕ್ಕೆ 4.4ರಿಂದ 2.0ಕ್ಕೆ ಇಳಿಯಿತು, ರಕ್ತದ ನಂಜಿನಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ ಇನ್ನೂ ಎಳೆಯ, ಅಂದರೆ 31 ವಾರ ತುಂಬದ ಸುಮಾರು 1,300 ಕೂಸುಗಳಿಗೆ ಬೈಫಿಡೋಬ್ಯಾಕ್ಟೀರಿಯಂ ಬ್ರೀವೆ ಎಂಬ ಒಂದೇ ತಳಿಯನ್ನು ಕೊಟ್ಟು ನೋಡಿದ ಪಿಪ್ಸ್ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಲಾಭವೇ ಕಾಣಲಿಲ್ಲ. ಆದರೆ ಆ ಪ್ರಯೋಗದ ಒಂದು ವಿವರ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ. ಪ್ರೋಬಯಾಟಿಕ್ ಕೊಡದೆ ಬಿಟ್ಟ ಗುಂಪಿನ ಅನೇಕ ಕೂಸುಗಳ ಮಲದಲ್ಲಿಯೂ ಅದೇ ತಳಿ ಸಿಕ್ಕಿತು. ಒಂದು ಹಾಸಿಗೆಯ ಕೂಸಿಗೆ ಕೊಟ್ಟ ಬ್ಯಾಕ್ಟೀರಿಯಾ ಅಕ್ಕಪಕ್ಕದ ಹಾಸಿಗೆಯ ಕೂಸಿಗೆ ತಾನಾಗಿಯೇ ದಾಟಿತ್ತು. ಒಳ್ಳೆಯದೇ ಇಷ್ಟು ಸಲೀಸಾಗಿ ಕೈಯಿಂದ ಕೈಗೆ ದಾಟುವುದಾದರೆ ಕ್ಲೆಬ್ಸಿಯೆಲ್ಲಾ ದಾಟುವುದಕ್ಕೆ ತಡೆಯೇನು? ಎನ್‌ಐಸಿಯು ಬಾಗಿಲಲ್ಲಿ ಕೈ ತೊಳೆಯಲು ಹೇಳಿದಾಗ ಬೇಸರಿಸಿಕೊಳ್ಳುವವರಿಗೆ ನಾನು ಈ ಸಂಗತಿಯನ್ನೇ ಹೇಳುತ್ತೇನೆ.

ಇಂಥ 60 ಪ್ರಯೋಗಗಳ, 11 ಸಾವಿರಕ್ಕೂ ಹೆಚ್ಚು ಕೂಸುಗಳ ಮಾಹಿತಿಯನ್ನು ಕೂಡಿಸಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಘದ 2023ರ ವಿಮರ್ಶೆ, ಪ್ರೋಬಯಾಟಿಕ್‌ಗಳು ಎನ್‌ಇಸಿ ಸಂಭವವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಬಹುದು ಎಂದಿತು. ಆದರೆ ಸಣ್ಣ ಸಣ್ಣ, ಅಷ್ಟೇನೂ ಬಿಗಿಯಿಲ್ಲದ ಪ್ರಯೋಗಗಳೇ ಹೆಚ್ಚಾಗಿರುವುದರಿಂದ ಈ ಮಾತಿಗೆ ಪೂರ್ತಿ ಭರವಸೆ ಇಡುವಂತಿಲ್ಲ, ಎಲ್ಲಕ್ಕಿಂತ ಎಳೆಯ, ಒಂದು ಕಿಲೋ ತೂಗದ ಕೂಸುಗಳಲ್ಲಿ ಲಾಭ ತೋರಿಸುವ ಪುರಾವೆ ಕಡಿಮೆ ಎಂದೂ ಸೇರಿಸಿತು. ಇಲ್ಲಿ ನೋವಿನ ವಿಷಯವೆಂದರೆ, ರಕ್ಷಣೆ ಅತಿ ಹೆಚ್ಚು ಬೇಕಾದ ಕೂಸುಗಳೇ ಆ ಕೊನೆಯ ಗುಂಪಿನವು.

ಒಡಿಶಾದ ಹಳ್ಳಿಗಳಲ್ಲಿ ನಡೆದ ಪ್ರಯೋಗವನ್ನು ನಮ್ಮವರು ಬಹಳ ಉಲ್ಲೇಖಿಸುತ್ತಾರೆ. 4,556 ಕೂಸುಗಳಲ್ಲಿ ಅರ್ಧಕ್ಕೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂ ಮತ್ತು ಅದರ ಆಹಾರವಾದ ಒಂದು ಬಗೆಯ ಸಕ್ಕರೆಯನ್ನು ಏಳು ದಿನ ಕೊಟ್ಟಾಗ ನಂಜು ಮತ್ತು ಸಾವು ಸೇರಿ ನೂರಕ್ಕೆ 9ರಿಂದ 5.4ಕ್ಕೆ ಇಳಿದವು ಎಂದು 2017ರಲ್ಲಿ ವರದಿಯಾಯಿತು. ಹೆಮ್ಮೆಪಡುವಂಥ ಕೆಲಸ. ಆದರೆ ಆ ಕೂಸುಗಳೆಲ್ಲ 35 ವಾರ ದಾಟಿ, ಎರಡು ಕಿಲೋಗಿಂತ ಹೆಚ್ಚು ತೂಗಿ, ಎದೆಹಾಲು ಕುಡಿಯುತ್ತಿದ್ದವು. ಪೆಟ್ಟಿಗೆಯಲ್ಲಿರುವ ಒಂದು ಕಿಲೋ ಕೂಸಿಗೆ ಆ ಫಲಿತಾಂಶವನ್ನು ಎತ್ತಿ ಹಚ್ಚಲಾಗದು.

ಕೇಡಿನ ಬದಿಯನ್ನೂ ಹೇಳಲೇಬೇಕು. ಪ್ರೋಬಯಾಟಿಕ್ ಎಂದರೆ ಜೀವಂತ ಬ್ಯಾಕ್ಟೀರಿಯಾ. ಗೋಡೆ ಗಟ್ಟಿಯಾಗದ ಕರುಳಿನಿಂದ ಅದೇ ರಕ್ತಕ್ಕೆ ನುಸುಳಬಹುದು. ಅಮೆರಿಕದಲ್ಲಿ ಒಂದು ಕಿಲೋಗಿಂತ ಕಡಿಮೆ ತೂಕದ ಕೂಸೊಂದು ತನಗೆ ಕೊಟ್ಟ ಬೈಫಿಡೋಬ್ಯಾಕ್ಟೀರಿಯಂನಿಂದಲೇ ನಂಜೇರಿ ಸತ್ತ ನಂತರ, ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ 2023ರಲ್ಲಿ ಆಸ್ಪತ್ರೆಗಳಿಗೆ ಎಚ್ಚರಿಕೆ ನೀಡಿತು. ಅದಕ್ಕೂ ಮುಂಚೆ 2014ರಲ್ಲಿ, ಬೂಷ್ಟು ಸೇರಿದ್ದ ಪುಡಿಯಿಂದ ಇನ್ನೊಂದು ಅವಧಿಪೂರ್ವ ಕೂಸು ತೀರಿಕೊಂಡಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿಯೇ, ಎಲ್ಲ ಅವಧಿಪೂರ್ವ ಕೂಸುಗಳಿಗೂ ವಾಡಿಕೆಯಾಗಿ ಕೊಡುವುದನ್ನು ಬೆಂಬಲಿಸುವುದಿಲ್ಲ ಎಂದಿತ್ತು. ಯುರೋಪಿನ ತಜ್ಞರು ಕೆಲವು ನಿರ್ದಿಷ್ಟ ತಳಿಗಳನ್ನು ಷರತ್ತಿನೊಡನೆ ಒಪ್ಪಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯ ಮಾತು ನನಗೆ ಬಹಳ ಹಿಡಿಸುತ್ತದೆ. 32 ವಾರಕ್ಕಿಂತ ಮುಂಚೆ ಹುಟ್ಟಿದ, ಮತ್ತು ಮನುಷ್ಯರ ಹಾಲು ಕುಡಿಯುತ್ತಿರುವ ಕೂಸುಗಳಿಗೆ ಪ್ರೋಬಯಾಟಿಕ್ ಕೊಡುವುದನ್ನು ಪರಿಗಣಿಸಬಹುದು ಎಂದು ಅದು ಹೇಳುತ್ತದೆ. ಮನುಷ್ಯರ ಹಾಲು ಎಂಬ ಷರತ್ತನ್ನು ಓದುವವರು ಹಾರಿಸಿಕೊಂಡು ಹೋಗಬಾರದು. ನಮ್ಮ ತೊಗರಿಯ ಹೊಲದಲ್ಲಿ ಹಸಿ ಇಲ್ಲದಾಗ ಎಷ್ಟು ಒಳ್ಳೆಯ ಬೀಜ ಚೆಲ್ಲಿದರೂ ಮೊಳೆಯದಂತೆ, ಹಾಲಿಲ್ಲದ ಕರುಳಿನಲ್ಲಿ ಬೈಫಿಡೋಬ್ಯಾಕ್ಟೀರಿಯಂ ಹೆಚ್ಚು ದಿನ ನಿಲ್ಲುವುದಿಲ್ಲ.

ಇನ್ನು ಅಂಗಡಿಯ ಪುಡಿಯ ಮಾತು. ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಬೇಧಿಗೆ ಕೊಡುವ ಬ್ಯಾಸಿಲಸ್ ಕ್ಲಾಸಿಯೈ, ಸ್ಯಾಕರೋಮೈಸಿಸ್ ಬೌಲಾರ್ಡಿಯಂಥವು. ಎರಡನೆಯದು ಬ್ಯಾಕ್ಟೀರಿಯಾ ಕೂಡ ಅಲ್ಲ, ಯೀಸ್ಟ್. ನರದಲ್ಲಿ ದೊಡ್ಡ ನಳಿಕೆ ಇರುವ ರೋಗಿಗಳಲ್ಲಿ ಅದು ರಕ್ತಕ್ಕೆ ಸೇರಿದ ಪ್ರಕರಣಗಳು ವರದಿಯಾಗಿವೆ. ಎನ್‌ಇಸಿ ತಡೆದ ಪ್ರಯೋಗಗಳಲ್ಲಿ ಬಳಸಿದ ತಳಿಗಳಿಗೂ ಇವುಗಳಿಗೂ ಸಂಬಂಧವಿಲ್ಲ. ಪ್ರೋಬಯಾಟಿಕ್‌ಗಳಲ್ಲಿ ಹೆಸರಿನ ಕೊನೆಗೆ ಬರುವ ತಳಿಯ ಸಂಖ್ಯೆಯವರೆಗೂ ಎಲ್ಲವೂ ಮುಖ್ಯ, ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸುವಂತಿಲ್ಲ. ಹಲವು ಬಗೆಯವನ್ನು ಫ್ರಿಜ್ಜಿನಲ್ಲಿಯೇ ಇಡಬೇಕು, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಚೀಲದಲ್ಲಿಟ್ಟುಕೊಂಡು ತಿರುಗಿದ ಪುಡಿಯಲ್ಲಿ ಎಷ್ಟು ಜೀವ ಉಳಿದಿರುತ್ತದೆ ಎಂದು ಹೇಳಲಾಗದು. ಆದ್ದರಿಂದ ಕೊಡಬೇಕೋ ಬೇಡವೋ, ಯಾವುದನ್ನು, ಎಷ್ಟು ದಿನ ಎಂಬುದು ಕೂಸನ್ನು ನೋಡುತ್ತಿರುವ ನವಜಾತ ಶಿಶು ತಜ್ಞರ ತೀರ್ಮಾನ. ಮನೆಯವರು ತಾವಾಗಿ ತಂದು ಕೊಡುವ ವಸ್ತುವಲ್ಲ. ಮೊಸರು, ಮಜ್ಜಿಗೆಯಲ್ಲಿಯೂ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತದಲ್ಲ ಎಂದು ಕೇಳಿದ ಹಿರಿಯರೂ ಇದ್ದಾರೆ. ಅವು ದೊಡ್ಡವರ ಹೊಟ್ಟೆಗೆ ಸರಿ, ಈ ಕೂಸಿನ ತುಟಿಗೂ ತಾಗಬಾರದು.

ಈಗ ನಾನು ಎಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ.

ನಮ್ಮ ಭಾಗದಲ್ಲಿ ತಿಂಗಳು ತುಂಬದ ಕೂಸು ಹುಟ್ಟುವುದು ಒಂದು ಕಡೆ, ಅದನ್ನು ಉಳಿಸಿಕೊಳ್ಳುವ ಘಟಕ ಇರುವುದು ಇನ್ನೊಂದು ಕಡೆ. ಸೇಡಂ, ಚಿಂಚೋಳಿ, ಆಳಂದ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಬಸುರಿಗೆ ನೋವು ಬೇಗ ಶುರುವಾಗಿ ಹತ್ತಿರದ ಆಸ್ಪತ್ರೆಯಲ್ಲಿ ಹೆರಿಗೆ ಆಗುತ್ತದೆ, ಕೂಸನ್ನು ಬಟ್ಟೆಯಲ್ಲಿ ಸುತ್ತಿ ಆಂಬುಲೆನ್ಸಿನಲ್ಲಿ ಕಲಬುರಗಿಗೆ ತರುತ್ತಾರೆ, ಅಪ್ಪನೋ ಅಜ್ಜಿಯೋ ಜೊತೆಗೆ ಬರುತ್ತಾರೆ. ತಾಯಿ ಹೊಲಿಗೆ ಹಾಕಿಸಿಕೊಂಡು ಅಲ್ಲಿಯೇ ಮಲಗಿರುತ್ತಾಳೆ, ಇಲ್ಲವೇ ಎರಡು ಮೂರು ದಿನಗಳಲ್ಲಿ ಬಾಣಂತನಕ್ಕೆಂದು ತವರಿಗೆ ಹೋಗುತ್ತಾಳೆ. ಯಾದಗಿರಿ, ಬೀದರ್ ಕಡೆಯೂ ಇದೇ ಕಥೆಯನ್ನು ಕೇಳಿದ್ದೇನೆ. ಯಾರೂ ಕೇಡು ಬಯಸಿ ಹೀಗೆ ಮಾಡುವುದಿಲ್ಲ. ಹಸಿ ಬಾಣಂತಿಯನ್ನು ಗಾಡಿಯಲ್ಲಿ ಕುಲುಕಿಸಬಾರದು ಎಂಬ ಕಾಳಜಿಯೇ ಅದು. ಆದರೆ ಆಲಿಗೋಸ್ಯಾಕರೈಡ್ ಅತಿ ಹೆಚ್ಚಿರುವ, ರೋಗನಿರೋಧಕ ಅಂಶಗಳಿಂದ ದಟ್ಟವಾದ ಆ ಮೊದಲ ದಿನಗಳ ಗಿಣ್ಣುಹಾಲು ಕೂಸಿನಿಂದ ಐವತ್ತು ಅರವತ್ತು ಕಿಲೋಮೀಟರ್ ದೂರದಲ್ಲಿ ಉಳಿದುಬಿಡುತ್ತದೆ. ಹಿಂಡಿ ತೆಗೆಯದ ಎದೆಯಲ್ಲಿ ಹಾಲು ಉತ್ಪತ್ತಿ ದಿನದಿನಕ್ಕೆ ಕುಗ್ಗುತ್ತದೆ. ಇತ್ತ ಕೂಸಿಗೆ ಡಬ್ಬಿಯ ಪುಡಿಹಾಲು ಶುರುವಾಗುತ್ತದೆ. ತಾಯಿಯ ಸ್ವಂತ ಹಾಲು ಸಿಗದಿದ್ದಾಗ ದಾನಿ ತಾಯಂದಿರ ಹಾಲು ಕೊಟ್ಟ ಕೂಸುಗಳಿಗೆ ಹೋಲಿಸಿದರೆ, ಪುಡಿಹಾಲು ಕುಡಿದವುಗಳಲ್ಲಿ ಎನ್‌ಇಸಿ ಸುಮಾರು ಎರಡು ಪಟ್ಟು ಹೆಚ್ಚು. ಪ್ರೋಬಯಾಟಿಕ್ ಪ್ರಯೋಗಗಳಲ್ಲಿ ಕಂಡದ್ದರಷ್ಟೇ ದೊಡ್ಡ ಅಂತರ ಇದು.

ನನ್ನ ತಂಗಿಯ ವಿಷಯದಲ್ಲಿ ಅವಳು ಕೂಸಿನ ಹಿಂದೆಯೇ ಕಲಬುರಗಿಗೆ ಬಂದಳು, ಅದು ಸಾಧ್ಯವಾದದ್ದು ನಮ್ಮ ಮನೆ ಇಲ್ಲಿಯೇ ಇದ್ದದ್ದರಿಂದ. ಮೊದಲ ದಿನ ಹಿಂಡಿದಾಗ ಬಂದದ್ದು ಸಿರಿಂಜಿನ ತುದಿ ತುಂಬುವಷ್ಟು, ತುಪ್ಪದ ಬಣ್ಣದ ಗಟ್ಟಿ ಹನಿ. ಅವಳ ಅತ್ತೆ ಅದನ್ನು ನೋಡಿ, "ಇಷ್ಟ ಒಯ್ದು ಏನ್ ಮಾಡ್ತೀರಿ, ಇದು ಯಾರ ಹೊಟ್ಟಿಗಿ ಸಾಲ್ತದ?" ಎಂದು ಕಣ್ಣೀರು ಹಾಕಿದರು. ಪಾಳಿಯಲ್ಲಿದ್ದ ಸಿಸ್ಟರ್, "ಅವ್ವಾ, ಕೂಸಿನ ಹೊಟ್ಟಿನೂ ಅಷ್ಟೇ ಅದ. ಒಂದ್ ಹನಿ ಚೆಲ್ಲಬ್ಯಾಡ್ರಿ" ಎಂದು ಹೇಳಿ ಆ ಹನಿಗಳನ್ನು ಕೂಸಿನ ಎರಡೂ ಕೆನ್ನೆಗಳ ಒಳಭಾಗಕ್ಕೆ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಸವರಿದರು. ಸಿಸ್ಟರ್ ಹೇಳಿದ್ದು ಬರಿ ಸಮಾಧಾನದ ಮಾತಾಗಿರಲಿಲ್ಲ. ಒಂದು ಕಿಲೋ ತೂಕದ ಕೂಸಿಗೆ ಮೊದಲಿಗೆ ಎರಡು ಗಂಟೆಗೊಮ್ಮೆ ಒಂದು ಮಿಲಿಲೀಟರ್ ಹಾಲು ಹೋದರೂ ಕರುಳು ಕೆಲಸಕ್ಕೆ ತೊಡಗಲು ಸಾಕು.

ಹಾಲು ಹೆಚ್ಚಿದ್ದು ಬಿಡದೆ ಹಿಂಡಿದ್ದರಿಂದ. ಹೆರಿಗೆಯಾದ ಕೆಲವೇ ಗಂಟೆಗಳೊಳಗೆ ಶುರು ಮಾಡಿ, ಹಗಲು ರಾತ್ರಿ ಸೇರಿ ದಿನಕ್ಕೆ ಎಂಟು ಸಲಕ್ಕೆ ಕಡಿಮೆಯಾಗದಂತೆ, ರಾತ್ರಿ ಒಮ್ಮೆಯಾದರೂ ಎದ್ದು ತೆಗೆಯಬೇಕು. ಯಂತ್ರವೇ ಬೇಕೆಂದಿಲ್ಲ. ಕೈ ತೊಳೆದು, ಕುದಿಸಿ ಆರಿಸಿದ ಅಗಲ ಬಾಯಿಯ ಸ್ಟೀಲ್ ಬಟ್ಟಲಿಗೆ ಕೈಯಿಂದಲೇ ಹಿಂಡಬಹುದು, ಹೇಗೆಂದು ಸಿಸ್ಟರುಗಳು ತೋರಿಸಿಕೊಡುತ್ತಾರೆ. ತಾಯಿ ದೂರದಲ್ಲಿದ್ದರೆ ಹಾಲನ್ನು ತಣ್ಣಗೆ ಇಟ್ಟು ತರಬೇಕು, ನಮ್ಮ ಬೇಸಿಗೆಯಲ್ಲಿ ಅದನ್ನು ಕೋಣೆಯಲ್ಲಿ ಬಿಡುವಂತಿಲ್ಲ. ಎಷ್ಟು ಹೊತ್ತಿನೊಳಗೆ ತಲುಪಿಸಬೇಕು ಎಂಬುದನ್ನು ಆ ಘಟಕದವರನ್ನೇ ಕೇಳಿ, ಅವರು ಹೇಳಿದಂತೆ ನಡೆಯಬೇಕು.

ತಾಯಿಯ ಹಾಲು ಸಾಲದಿದ್ದರೆ ದಾನಿ ತಾಯಂದಿರ ಹಾಲು ಎರಡನೆಯ ದಾರಿ. ಭಾರತದ ಮೊದಲ ಎದೆಹಾಲು ಬ್ಯಾಂಕನ್ನು ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಆರಂಭಿಸಿದರು. ಅಲ್ಲಿ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುವುದರಿಂದ ರೋಗಾಣುಗಳ ಜೊತೆಗೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಆದರೆ ಆಲಿಗೋಸ್ಯಾಕರೈಡ್‌ಗಳು ಹಾಗೆಯೇ ಉಳಿಯುತ್ತವೆ. ಅದಕ್ಕಾಗಿಯೇ ಅದು ಡಬ್ಬಿಯ ಪುಡಿಗಿಂತ ಮೇಲು.

ಹಾಲಿನ ಜೊತೆಗೆ ತಾಯಿಯ ಮೈಯೂ ಬೇಕು. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಡಾ. ಎಡ್ಗರ್ ರೇ ಇನ್‌ಕ್ಯುಬೇಟರುಗಳು ಸಾಲದೆ ಆರಂಭಿಸಿದ ಕಾಂಗರೂ ಆರೈಕೆ, ಅಂದರೆ ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಅವಚಿ ಕಟ್ಟಿಕೊಳ್ಳುವುದು, ಇಂದು ಬಡತನದ ಉಪಾಯವಾಗಿ ಉಳಿದಿಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೂಸು ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದ ಕೂಡಲೇ ಹೀಗೆ ಕಟ್ಟಿಕೊಂಡಾಗ ಮೊದಲ 28 ದಿನಗಳ ಸಾವು ನಾಲ್ಕರಲ್ಲಿ ಒಂದು ಪಾಲು ತಗ್ಗಿತು, ನಂಜೂ ಕಡಿಮೆಯಾಯಿತು. ತಾಯಿಯ ಚರ್ಮದ ಬ್ಯಾಕ್ಟೀರಿಯಾಗಳು ಆಸ್ಪತ್ರೆಯ ಬ್ಯಾಕ್ಟೀರಿಯಾಗಳಿಗಿಂತ ಮೊದಲು ಕೂಸಿಗೆ ಸಿಗುವುದು ಇದಕ್ಕೆ ಒಂದು ಕಾರಣವಿರಬಹುದು ಎಂದು ಸಂಶೋಧಕರು ಭಾವಿಸುತ್ತಾರೆ. ಜೊತೆಗೆ ತಾಯಿಯ ಹಾಲೂ ಹೆಚ್ಚುತ್ತದೆ. ದಿನಕ್ಕೆ 8ರಿಂದ 24 ಗಂಟೆ, ಸಾಧ್ಯವಾದಷ್ಟು ಹೆಚ್ಚು ಹೊತ್ತು ಎಂಬುದು ಈಗಿನ ಸಲಹೆ. ತಾಯಿ ದಣಿದಾಗ ಅಪ್ಪ, ಅಜ್ಜಿ, ದೊಡ್ಡವ್ವ ಯಾರಾದರೂ ಕಟ್ಟಿಕೊಳ್ಳಬಹುದು. ನಾನೂ ಕಟ್ಟಿಕೊಂಡು ಕೂತಿದ್ದೇನೆ.

ಆಂಟಿಬಯೋಟಿಕ್ ಬಗ್ಗೆ ಒಂದೆರಡು ಮಾತು. ನಂಜು ಇದ್ದಾಗ ಅದು ಜೀವ ಉಳಿಸುತ್ತದೆ, ಅದನ್ನು ಬೇಡವೆನ್ನಲು ಯಾರಿಗೂ ಹೇಳುತ್ತಿಲ್ಲ. ಆದರೆ ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತಪರೀಕ್ಷೆಯಲ್ಲಿ ಏನೂ ಬೆಳೆಯದಿದ್ದರೂ ಐದು ದಿನ ಅಥವಾ ಹೆಚ್ಚು ಕಾಲ ಆಂಟಿಬಯೋಟಿಕ್ ಮುಂದುವರಿಸಿದ ಅತಿ ಕಡಿಮೆ ತೂಕದ ಕೂಸುಗಳಲ್ಲಿ ಎನ್‌ಇಸಿ ಅಥವಾ ಸಾವು ಹೆಚ್ಚಾಗಿ ಕಂಡಿತು. ಆದ್ದರಿಂದ ಆ ರಕ್ತಪರೀಕ್ಷೆಯ, ಅಂದರೆ ಕಲ್ಚರ್ ರಿಪೋರ್ಟ್ ಬಂತೇ, ಇನ್ನೂ ಎಷ್ಟು ದಿನ ಕೊಡುತ್ತೀರಿ ಎಂದು ವೈದ್ಯರನ್ನು ಮರ್ಯಾದೆಯಿಂದ ಕೇಳುವುದರಲ್ಲಿ ತಪ್ಪಿಲ್ಲ. ಹೆರಿಗೆಗೆ ಮುಂಚೆಯೇ, ಬೇಗ ನೋವು ಶುರುವಾದ ಬಸುರಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೂಸಿನ ಪುಪ್ಪುಸವನ್ನು ಹಣ್ಣು ಮಾಡುವುದರ ಜೊತೆಗೆ ಎನ್‌ಇಸಿಯನ್ನೂ ತಗ್ಗಿಸುತ್ತದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ.

ಮನೆಗೆ ಬಂದ ಮೇಲೆ ಹಿರಿಯರು ಪ್ರೀತಿಯಿಂದ ತರುವ ಜೇನುತುಪ್ಪ, ಸಕ್ಕರೆ ನೀರು, ಘುಟ್ಟಿ, ಹರಳೆಣ್ಣೆ, ಗ್ರೈಪ್ ವಾಟರ್ ಯಾವುದೂ ಬೇಡ. ಜೇನುತುಪ್ಪದಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಒಂದು ವರ್ಷದೊಳಗಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡಬಲ್ಲವು. ಆರು ತಿಂಗಳು ಎದೆಹಾಲು, ಜೊತೆಗೆ ವೈದ್ಯರು ಬರೆದುಕೊಟ್ಟ ಕಬ್ಬಿಣ, ವಿಟಮಿನ್ ಹನಿಗಳು ಸಾಕು. ಹಾಲು ಸರಿಯಾಗಿ ಸಿಕ್ಕರೆ ಈ ಕೂಸುಗಳ ಕರುಳಿನಲ್ಲಿಯೂ ತಿಂಗಳುಗಳು ಕಳೆದಂತೆ ಬೈಫಿಡೋಬ್ಯಾಕ್ಟೀರಿಯಂ ತಡವಾಗಿಯಾದರೂ ಬಂದು ನೆಲೆಸುತ್ತದೆ.

ಬಸುರಿಗೆ ಅವಧಿಗೆ ಮುಂಚೆ ನೋವು ಕಾಣಿಸಿಕೊಂಡರೆ, ಸಾಧ್ಯವಿದ್ದಲ್ಲಿ ಹೆರಿಗೆಗೆ ಮುಂಚೆಯೇ ಅವಳನ್ನು ನವಜಾತ ಘಟಕವಿರುವ ಆಸ್ಪತ್ರೆಗೆ ಕರೆತನ್ನಿ. ಹೆರಿಗೆ ಆಗಿಯೇ ಹೋಗಿ ಕೂಸನ್ನು ಮಾತ್ರ ಮುಂದೆ ಕಳಿಸುತ್ತೇವೆ ಎಂದರೆ, ಬಾಣಂತಿಯ ಸ್ಥಿತಿ ಪ್ರಯಾಣಕ್ಕೆ ಅಡ್ಡಿ ಇಲ್ಲವೆಂದಾದಲ್ಲಿ ಅವಳನ್ನೂ ಜೊತೆಗೆ ಕಳಿಸುವಂತೆ ವೈದ್ಯರನ್ನು ಕೇಳಿ, ಕೂಸಿನ ಚೀಟಿಯ ಜೊತೆಗೆ ಅವಳ ಚೀಟಿಯನ್ನೂ ಬರೆಸಿಕೊಳ್ಳಿ. ಕಲಬುರಗಿಯಲ್ಲಿ ಉಳಿಯಲು ಜಾಗವಿಲ್ಲದಿದ್ದರೆ, ಕೂಸನ್ನು ಸೇರಿಸಿದ ಆಸ್ಪತ್ರೆಯಲ್ಲಿ ತಾಯಂದಿರಿಗೆ ಹಾಸಿಗೆ ಇದೆಯೇ ಎಂದು ಮೊದಲ ದಿನವೇ ವಿಚಾರಿಸಿ. ಅವಳನ್ನು ಕರೆತರಲು ಆಗುವುದೇ ಇಲ್ಲ ಎಂದಾದರೆ, ಆಂಬುಲೆನ್ಸು ಹೊರಡುವ ಮುಂಚೆ ಅಲ್ಲಿನ ಸಿಸ್ಟರ್ ಸಹಾಯದಿಂದ ಹಿಂಡಿದ ಮೊದಲ ಹನಿಗಳನ್ನು ಮುಚ್ಚಳವಿರುವ ಶುಚಿಯಾದ ಸಿರಿಂಜಿನಲ್ಲಿ ಕೂಸಿನ ಜೊತೆಗೇ ಕಳಿಸಲು ಕೇಳಿ, ಮತ್ತು ಹಳ್ಳಿಯಲ್ಲಿ ಉಳಿದ ಆ ತಾಯಿ ಅದೇ ರಾತ್ರಿಯಿಂದ ಹಾಲು ಹಿಂಡುತ್ತಿದ್ದಾಳೆಯೇ ಎಂದು ನೋಡಲು ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ ಹೇಳಿ.